ಪಾಲಿಗೆ ಬಂದ ಬಂದೂಕು

ಬರ್ರಿ ದ್ಯಾಮಣ್ಣ, ಕುಂತ್ಕಳ್ರಿ.
ಗೋಣಿಚೀಲ ಬಿಚ್ಚಿ, ಲೈಸೆನ್ಸ್ ಪುಸ್ತಕ ಈ ಕಡೆ ಇಡ್ರಿ.
ಟ್ರ್ಯಾಕ್ಟರ್ ತಮ್ಮನಿಗೆ, ಬಂದೂಕು ನಿಮಗೆ,
ತಕ್ಕಡಿ ಸಮ ಆಗಬೇಕು,
ಬೆಲೆ ಬರೆದ ಚೀಟಿ ಬೇಕು. ತಿಳೀತು.

ಮೊದ್ಲು ಮುರೀತೀನಿ. ಹೆದರಬ್ಯಾಡ್ರಿ,
ಮುರಿಯೋದಂದ್ರೆ ನಮ್ಮಲ್ಲಿ ಕೀಲು ಬಾಗಿಸೋದು.
ತೋಟಾ ಇಲ್ಲ, ಸರಿ.
ಕಿಟಕಿಗೆ ಹಿಡಿದು ನಳಿಗೆಯೊಳಗೆ ನೋಡ್ರಿ:
ಕೋಟೆ ಬತೇರಿಯ ತುಂಡೊಂದು, ದುಂಡಗೆ.
ಸುತ್ತ ಸಿಡುಬಿನ ಕಲೆ,
ಮಸಿಮದ್ದು ತಿಂದ ಗುರುತು.
ಕೀಲಿನ ಸಂದಿಯಾಗೆ ಕೆಂಪಗಿರೋದು ತುಕ್ಕಲ್ಲ,
ಎಷ್ಟೋ ಆಯುಧಪೂಜೆಯ ಕುಂಕುಮ.
ಅದರಡಿಗೆ ಐತೆ ತುಕ್ಕು.

ನಳಿಗೆ ಮೇಲಿನ ಇಂಗ್ಲಿಷ್ ಅಕ್ಷರ ಮಾಸಿದಾವೆ, ನಾನೇ ಓದ್ತೀನಿ:
ಎಂ. ಗುರುಬಸಪ್ಪ ಅಂಡ್ ಬ್ರದರ್ಸ್, ದಾವಣಗೆರೆ.
ನಿಮ್ಮಪ್ಪ ಹೇಳೋರಲ್ಲ,
ದಾವಣಗೆರೆಯಾಗೇ ಮಾಡಿದ ಬಂದೂಕು ಅಂತ?
ಗುರುಬಸಪ್ಪನೋರು ಮೊಳೆ ಮಾರೋರು.
ನೇಗಿಲ ಕುಳ, ಬಾವಿ ರಾಟೆ, ಚಿಲಕ, ಎತ್ತಿನ ಲಾಳ.
ವರ್ಷಕ್ಕೆ ನಾಕೈದು ಬಂದೂಕು ತರಿಸೋರು
ತಮ್ಮ ಹೆಸರು ಹೊಡೆಸಿ.
ಮದುವೆ ತಂಬಿಗೆ ಮೇಲೆ
ಸೋದರಮಾವನ ಹೆಸರು ಇರ್ತದಲ್ಲ,
ತಂಬಿಗೆ ಬಡಿದೋನು ಸೋದರಮಾವನೇನು?

ಹುಟ್ಟಿದೂರು ಹೊಟ್ಟೆ ಕೆಳಗಿರ್ತದೆ.
ಮಗುಚಿ ಹಿಡೀರಿ. ಮೊಟ್ಟೆಯಂಥ ಗೆರೆ,
ಒಳಗೆ ಮೂರಕ್ಷರ, ಒಂದು ಚುಕ್ಕಿ, ತಲೆ ಮೇಲೆ ಕಿರೀಟ.
ಬೆಲ್ಜಿಯಂ.
ಕಿರೀಟ ಇರದಿದ್ರೆ ಇನ್ನೂ ಹಳೇದು ಅನ್ನಬೋದಿತ್ತು.
ಮೈಮೇಲಿನ ಈ ಸುರುಳಿ ಚಿತ್ತಾರ ಕೆತ್ತಿದ್ದಲ್ಲ,
ಕಬ್ಬಿಣ ಉಕ್ಕು ಎರಡನ್ನೂ ಹೊಸೆದು
ಜಡೆ ಹೆಣೆದಂಗೆ ಸುತ್ತಿದ್ದು.
ಈಗಿನ ತೋಟಾ ಹಾಕಿದಿರೋ,
ಜಡೆ ಬಿಚ್ಕೊಂಡೀತು, ನಿಮ್ಮ ಎಡಗೈ ಸಮೇತ.
ಗ್ವಾಡೆಗಿರಲಿ. ಹೊಡೆಯೋದು ಬ್ಯಾಡ.

ಬೆಲೆಯಾ?
ಹೆಸರಾದ ಕೈ ಮಾಡಿದ್ದಾದ್ರೆ ಲಕ್ಷ ಅಂತಿದ್ದೆ.
ಅಂಗಡಿ ಹೆಸರಿಗೆ ನಾಕು ಸಾವಿರ.
ನಿಮ್ಮ ತಮ್ಮ ಎಷ್ಟು ಬರೆಸಿದಾನೆ?
ಒಂದೂವರೆ ಲಕ್ಷವಾ.
ನೀರು ಕುಡೀರಿ.

ಇರ್ರಿ, ಮುಂಗೈ ಮರ ಬಿಚ್ಚಿ ನೋಡ್ತೀನಿ.
ಹಿಂದಿನ ಮರ ಅಖರೋಟು, ಇದು ಹೊನ್ನೆ.
ಮೂಲದ್ದು ಒಡೆದಾಗ ಯಾರೋ ಇಲ್ಲೇ ಕೂರಿಸಿದ್ದು.
ಕೂದಲು ತೂರಂಗಿಲ್ಲ ನೋಡ್ರಿ ಸಂದಿ.
ಒಳಮೈಗೆ ಉಳಿಯಾಗೆ ಕೊರೆದ ಮೀನು,
ಜೀರಿಗೆ ಕಾಳಿನಷ್ಟು ಕಣ್ಣು.

ನಮ್ಮಜ್ಜ ಕಾಳಾಚಾರಿಗೆ ಅಕ್ಷರ ಬರ್ತಿರಲಿಲ್ಲ.
ಹೆಸರು ಬರೆಯೋ ಜಾಗದಾಗೆಲ್ಲ
ಮೀನು ಹಾಕೋನು.
ಸಾಲಪತ್ರದಾಗೂ.

ಮರ ಬದಲಾಗಿದ್ರೆ ಬೆಲೆ ಇಳಿಸಬೇಕು ದ್ಯಾಮಣ್ಣ,
ಅದು ಈ ಕಸುಬಿನ ಲೆಕ್ಕ.
ಐನೂರು ಕಳೀತೀನಿ.
ಮೂರೂವರೆ ಸಾವಿರ. ಚೀಟಿ ತಗಳ್ರಿ, ಸಹಿ ಮಾಡಿದೀನಿ.

ಚಾ ತರಿಸ್ಲಾ?
ಈ ಮರ ತಿರುಗಿ ಕೂರಿಸಕ್ಕೆ
ಒಸಿ ಹೊತ್ತು ಹಿಡೀತೈತೆ.