ಎರಡರಿಂದ ಐದರ ಪಾಳಿ

ಕೂತುಕೊಳ್ಳಿ. ಇಪ್ಪತ್ತು ಕುರ್ಚಿ ಹಾಕಿಸಿದ್ದೆ,
ಬಂದವರು ಆರು ಜನ. ಇರಲಿ.
ಅದರಲ್ಲೂ ಒಬ್ಬರು, ಹಾಲಿಗೆ ಬೀಗ ಹಾಕಲು ಕಾದಿರುವ ಮಿಸ್ಟರ್ ಪೈಬಸ್.
ಹೀಟರಿನ ಹತ್ತಿರ ಬನ್ನಿ. ಹ್ಯೂಆನ್ ಹೊಳೆಯ ಮಂಜು
ಕಿಟಕಿಯ ಗಾಜಿಗೆ ಮೂಗೊತ್ತಿ ನಿಂತಿದೆ,
ಅದಕ್ಕೂ ಒಂದು ಅರ್ಜಿ ಕೊಡೋಣ.

ಮೊದಲೇ ಹೇಳಿಬಿಡುತ್ತೇನೆ:
ಪ್ರಾಣಿಗಳೆಂದರೆ ಪ್ರಾಣ ಎನ್ನುವವರು ನಮಗೆ ಬೇಕಿಲ್ಲ.
ಪ್ರಾಣಿಗಳು ಫೋನ್ ಮಾಡುವುದಿಲ್ಲ.
ಮಾಡುವವರು ಮನುಷ್ಯರು,
ರಾತ್ರಿ ಎರಡಕ್ಕೆ, ಎಂಜಿನ್ ಆರಿಸದೆ,
ಕುಡಿದು, ಅತ್ತು, ನಮ್ಮನ್ನೇ ಬೈದು,
"ಏನೋ ಒಂದು ಅಡ್ಡ ಬಂತು" ಎಂದು.
ಯಾವುದೂ ಅಡ್ಡ ಬಂದಿರುವುದಿಲ್ಲ.
ಅದು ಹುಲ್ಲಿನಿಂದ ಹುಲ್ಲಿಗೆ ಹೋಗುತ್ತಿತ್ತು,
ನಡುವೆ ನಾವು ಡಾಂಬರು ಹಾಸಿದ್ದೆವು.
ಇದನ್ನು ಫೋನಿನಲ್ಲಿ ಹೇಳಬೇಡಿ.
ನಾನೊಮ್ಮೆ ಹೇಳಿದೆ. ಇಟ್ಟುಬಿಟ್ಟರು.
ಆ ಪ್ಯಾಡಿಮೆಲನ್ ಎಲ್ಲಿ ಬಿದ್ದಿತ್ತೋ, ಇವತ್ತಿಗೂ ಗೊತ್ತಿಲ್ಲ.

ಮೊದಲು ಕೇಳಬೇಕಾದ್ದು: ನೀವು ಕ್ಷೇಮವೇ?
ಆಮೇಲೆ: ಎಲ್ಲಿದ್ದೀರಿ?
ಯಾರಿಗೂ ಗೊತ್ತಿರುವುದಿಲ್ಲ, ಬರೆದುಕೊಳ್ಳಿ.
"ಸುತ್ತ ಮರಗಳಿವೆ" ಎನ್ನುತ್ತಾರೆ. ಟಾಸ್ಮೇನಿಯಾದಲ್ಲಿ!
ಮೆಲ್ಲಗೆ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಿ:
ಸೇಬಿನ ಹಳೇ ಷೆಡ್ಡು ದಾಟಿದಿರಾ,
ಸೇತುವೆ ಗಡಗಡ ಅಂದಿತೆ, ಸುಮ್ಮನಿತ್ತೆ,
ಗಾಜಿಳಿಸಿದರೆ ಉಪ್ಪುನೀರಿನ ವಾಸನೆಯೊ, ಕುರಿಯದೊ.
ಕತ್ತಲನ್ನು ಕೈಯಿಂದ ಸವರಿ ಸವರಿ
ನಕ್ಷೆ ಬಿಡಿಸುವ ಕೆಲಸ ಇದು.

ಗುರುವಾರ ಮಿಸೆಸ್ ಟಿಲ್ಯಾರ್ಡ್ ಫೋನ್ ಮಾಡುತ್ತಾರೆ.
ಅಟ್ಟದ ಮೇಲೆ ಪಾಸಮ್ ಸೇರಿಕೊಂಡಿದೆ ಎನ್ನುತ್ತಾರೆ.
ಪಾಸಮ್ ಇಲ್ಲ. ಏಣಿ ಹಾಕಿ ನೋಡಿದ್ದೇವೆ, ಎರಡು ಸಲ.
ಆದರೂ, ಈ ವಾರ ಏನು ತಿಂದಿತು ಎಂದು ಕೇಳಿ.
ಏಳು ನಿಮಿಷ ಸಾಕು.
ಇನ್ನೊಂದು ಲೈನು ಮಿನುಗಿದರೆ, ನಾಲ್ಕು.

ಇನ್ನು ಗಟ್ಟಿ ವಿಷಯ. ಸ್ಕೋನು ತಿಂದು ಮುಗಿಸಿ.

ಹೋದ ಜೂನಿನಲ್ಲಿ ಒಬ್ಬ, ದಿಮ್ಮಿ ಲಾರಿಯವನು.
ಹೆಸರು ಹೇಳಲಿಲ್ಲ. ವೈಪರು ಕಿರ್ರ್ ಕಿರ್ರ್ ಅನ್ನುತ್ತಿತ್ತು.
ವೊಂಬ್ಯಾಟ್, ಅಂದ. ಸತ್ತಿದೆ. ಹೆಣ್ಣು ಅನ್ನಿಸುತ್ತೆ.
ಆಮೇಲೆ ಮಾತಿಲ್ಲ. ಆಮೇಲೆ, ನನಗಲ್ಲ, ಅದಕ್ಕೆ,
ತಗ್ಗಿದ ದನಿಯಲ್ಲಿ: ತಪ್ಪಾಯಿತು, ಹೊಟ್ಟೆಗೆ ಹಾಕಿಕೊ.

ಹಾಕಿಕೊಂಡಿರಬಹುದು, ಅಂದೆ. ಕೈಯಿಟ್ಟು ನೋಡು.
ಅದರ ಚೀಲ ಹಿಂದಕ್ಕೆ ಬಾಯಿ ತೆರೆದಿರುತ್ತದೆ,
ತಾಯಿ ಬಿಲ ತೋಡುವಾಗ ಮರಿಯ ಕಣ್ಣಿಗೆ ಮಣ್ಣು ಬೀಳದ ಹಾಗೆ.
ಮೊಲೆ ಕಚ್ಚಿದ್ದರೆ ಎಳೆಯಬೇಡ.
ಕಚ್ಚಿಲ್ಲ, ಅಂದ.
ಬೆಚ್ಚಗಿದೆ, ಅಂದ. ದನಿಯೇ ಬೇರೆಯಾಗಿತ್ತು.
ಅಂಗಿಯ ಗುಂಡಿ ಬಿಚ್ಚು. ಈಗ ನೀನು
ಹೊಟ್ಟೆಗೆ ಹಾಕಿಕೊ.
ಸ್ವಲ್ಪ ದೊಡ್ಡದಿದೆ, ಬಿಯರಿನದು, ಅಂದ.
ಒಳ್ಳೆಯದೇ ಆಯಿತು, ಅಂದೆ.

ನಲವತ್ತು ನಿಮಿಷ, ನಮ್ಮ ಗಾಡಿ ಬರುವ ತನಕ,
ಇಬ್ಬರೂ ಮಾತಾಡಲಿಲ್ಲ, ಇಬ್ಬರೂ ಫೋನ್ ಇಡಲಿಲ್ಲ.
ಆ ಕಡೆ ಎರಡು ಉಸಿರು ಕೇಳಿಸಿತು,
ಅಥವಾ ಹಾಗೆ ಅಂದುಕೊಂಡೆ.

ಮರಿ ಉಳಿಯಿತೆ?
ಇಲ್ಲ. ಮೂರನೆಯ ದಿನ ಹೋಯಿತು.
ಅವನು ಮತ್ತೆ ಫೋನ್ ಮಾಡಿ ಕೇಳಲಿಲ್ಲ.
ನಂಬರು ನಮ್ಮಲ್ಲಿತ್ತು. ತಿಳಿಸುವವರಿರಲಿಲ್ಲ.
ನಾನಿದ್ದೆ, ನಿಜ. ಮೂರು ಸಲ ಒತ್ತಿ, ಮೂರು ಸಲ ಅಳಿಸಿದೆ.
ಆ ಕೆಲಸಕ್ಕೂ ಒಬ್ಬರು ಬೇಕು.

ಹಾಳೆ ಬಾಗಿಲ ಹತ್ತಿರದ ಮೇಜಿನ ಮೇಲಿದೆ.
ಸಂಜೆಯ ಪಾಳಿಗೆ ಜನ ಇದ್ದಾರೆ, ಸಂಜೆಗೆ ಯಾವತ್ತೂ ಇರುತ್ತಾರೆ.
ಎರಡರಿಂದ ಐದರ ಮನೆಗಳು ವಾರವಿಡೀ ಖಾಲಿ.
ಸಂಬಳವಿಲ್ಲ. ಸರ್ಟಿಫಿಕೇಟು ಇದೆ, ಅದರಲ್ಲಿ ಕೋಆಲಾದ ಚಿತ್ರವಿದೆ,
ನಮ್ಮ ದ್ವೀಪದ ಕಾಡಲ್ಲಿ ಕೋಆಲಾ ಇಲ್ಲ,
ಅಚ್ಚಿನವರಿಗೆ ಎಷ್ಟು ಹೇಳಿದರೂ ಅಷ್ಟೇ.

ಏನು ಮಿಸ್ಟರ್ ಪೈಬಸ್?
ಪೆನ್ನು ಬರೆಯುತ್ತಿಲ್ಲವೆ?
ಚಳಿಗೆ ಹೆಪ್ಪುಗಟ್ಟಿರಬೇಕು.
ಒಂದಿಷ್ಟು ಹೊತ್ತು ಕಂಕುಳಲ್ಲಿ ಇಟ್ಟುಕೊಂಡು
ಆಮೇಲೆ ಬರೆಯಿರಿ.