ಬೊಂಡಾಸ್ ಆಟ

ಮೊದಲು ಒಂದು ರೂಪಾಯಿ, ಹಳೇ ದಪ್ಪದ್ದು.
ಹೊಸದನ್ನು ಯಂತ್ರ ಉಗುಳುತ್ತದೆ, ಲ್ಯಾನ್ಸಿ ಬಯ್ಯುತ್ತಾನೆ.
ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಹಿಂದೆ, ಮೀನಿನ ವಾಸನೆ ಮುಗಿದು
ಬೀಡಿಯದ್ದು ಶುರುವಾಗುವಲ್ಲಿ, ಮೂರನೇ ಡಬ್ಬ.

ಪರದೆಯ ಬೋಳುತಲೆ ಅಡುಗೆಭಟ್ಟ ನೀನು.
ಕೆಂಪು ಗುಂಡಿ ಒತ್ತಿದರೆ ಸೌಟು ಬೀಸುತ್ತಾನೆ,
ಹಳದಿ ಒತ್ತಿದರೆ ಸೀನುತ್ತಾನೆ. ಎಂತಕ್ಕೆ ಅಂತ ಕೇಳಬೇಡ,
ಜಪಾನಿ ಓದುವವರು ಬಂದರಿನಲ್ಲಿ ಯಾರುಂಟು ಮಾರಾಯ?
ಕಾಲು ಬಂದ ಚಾದ ಕೆಟಲುಗಳು ಸೀನಿಗೇ ಉರುಳುತ್ತವೆ.
ಕೊಡೆ ಹಿಡಿದ ಕಪ್ಪೆಗೆ ಸೌಟು.
ಕಡ್ಡಿ ಎಡಕ್ಕೆ ಸಿಕ್ಕಿಕೊಳ್ಳುತ್ತದೆ, ಮೊಣಕೈಯಲ್ಲಿ ಕುಟ್ಟು.

ಕೊನೆಗೆ ಬರುತ್ತದೆ ಬೊಂಡಾಸ್,
ಪರದೆಯಷ್ಟು ದೊಡ್ಡದು, ಮಸಿ ಕಾರುತ್ತ.
ಹೊಡೆದವರೆಲ್ಲ ಸತ್ತರು. ಲ್ಯಾನ್ಸಿಯ ಭಾವ ಕೂಡ,
ದುಬೈಯಿಂದ ಬಂದವನು, ಒಂದೇ ಮಧ್ಯಾಹ್ನ ನಲವತ್ತು ರೂಪಾಯಿ.

ವಾಮನನಿಗೆ ಗುಟ್ಟು ಸಿಕ್ಕಿದ್ದು ಸೊಳ್ಳೆಯಿಂದ.
ಕಾಲು ತುರಿಸಲು ಬಗ್ಗಿದ, ಕಡ್ಡಿ ಕೆಳಗೇ ಉಳಿಯಿತು,
ಭಟ್ಟ ಕೂತ.
ಬೊಂಡಾಸ್ ನೋಡಿತು.
ಹತ್ತೂ ಕಾಲು ಮಡಚಿ ತಾನೂ ಕೂತಿತು
(ಹತ್ತೇ; ವಾಮನನ ಅಮ್ಮ ಮಾರುವುದು ಅದನ್ನೇ).
ಅದರ ಬಾಯಿ ತೆರೆಯಿತು, ಒಂದು ಸಾಲು ಅಕ್ಷರ ಮೂಡತೊಡಗಿತು,
ನಾವು ಮೂವರೂ ಉಸಿರು ಬಿಡಲಿಲ್ಲ,

ಕರೆಂಟು ಹೋಯಿತು.

ಅಲ್ಲಿವರೆಗೆ ನಾನು ಹೇಳಿಕೊಡಬಲ್ಲೆ.