ಪೊರಕೆ ಗಾಡಿ

ಇಪ್ಪತ್ತೊಂದು ದಿನದ ಓಟ. ಇವತ್ತಿಗೆ ಹದಿನೇಳು.
ಅಸ್ತೂರಿಯಸ್ಸಿನ ಬೆಟ್ಟ, ಮಂಜು,
ಕಾಣದ ಹಸುಗಳ ಕೊರಳ ಗಂಟೆ.
ಎಲ್ಲರಿಗಿಂತ ಹಿಂದೆ ನನ್ನ ಗಾಡಿ.
ಹಿಂಬದಿಗೆ ಕಟ್ಟಿದ ಪೊರಕೆ
ಇಪ್ಪತ್ತೆರಡು ವರ್ಷದಲ್ಲಿ ಒಂದು ಕಡ್ಡಿ ಕಸ ಗುಡಿಸಿದ್ದಿಲ್ಲ.
ಅದು ಬರೀ ಗುರುತು:
ಇನ್ನು ಬರುವವರಿಲ್ಲ, ಕುರಿ ದಾಟಿಸಿಕೊಳ್ಳಿ ಎಂದು.

ನಾನು ಎಲೋಯಿನಾ. ಗಂಡ ಕಲ್ಲಿದ್ದಲಿಗೆ ಇಳಿಯುತ್ತಿದ್ದ,
ನಾನು ಗಣಿಯವರ ಬಸ್ಸು ಓಡಿಸುತ್ತಿದ್ದೆ.
ಗಣಿ ಮುಚ್ಚಿತು.
ಓಟದವರು ಬಂದು ಕೇಳಿದರು,
ನಿಧಾನವಾಗಿ ಓಡಿಸಲು ಬರುತ್ತದೆಯೇ?
ನಕ್ಕುಬಿಟ್ಟೆ.
ದಣಿದ ಗಂಡಸರನ್ನು ಮಾತಿಲ್ಲದೆ ಕೆಳಗಿಳಿಸುವುದು
ನನಗೆ ಗೊತ್ತಿದ್ದ ಒಂದೇ ಕಸುಬು.

ಕೈಬಿಟ್ಟವರು ಮೆಟ್ಟಿಲು ಹತ್ತುವಾಗ
ಯಾರೂ ನನ್ನ ಮುಖ ನೋಡುವುದಿಲ್ಲ.
ಬೆನ್ನು ಕೊಟ್ಟು ನಿಲ್ಲುತ್ತಾರೆ.
ಎಂಟು ಪಿನ್ನು, ಎರಡು ಚೀಟಿ, ಒಂದೇ ಸಂಖ್ಯೆ.
ಬಿಚ್ಚುತ್ತೇನೆ.
ಮೊನ್ನೆ ಒಬ್ಬ ಬೆಲ್ಜಿಯಂನವನು ಫೋನು ಕೇಳಿ
ಹೆಂಡತಿಗೆ ಏನೇನೋ ಹೇಳಿದ, ಬಹಳ ಹೊತ್ತು.
ನನಗೆ ತಿಳಿದದ್ದು "ಇಲ್ಲ" ಅನ್ನುವುದೊಂದೇ.

ಇವತ್ತು ನನ್ನ ಮುಂದೆ ನೂರ ಎಂಬತ್ತನಾಲ್ಕು.
ಅದೆರಿತು. ಗಡಿಯಾಚೆಯ ಪೋರ್ಚುಗಲ್ಲಿನವನು,
ಅವನ ಮಾತು ಅರ್ಧ ನನ್ನದೇ.
ಅವನ ಕೆಲಸ ನೀರು ಹೊರುವುದು.
ಮಧ್ಯಾಹ್ನ ಅವರ ಕಾರಿನ ಕಿಟಕಿಗೆ ಜೋತು
ಒಂಬತ್ತು ಬಾಟಲಿ ಅಂಗಿಯೊಳಗೆ ತುರುಕಿಕೊಂಡು
ಬೆನ್ನಿಗೆ ಬಸಿರಾದವನ ಹಾಗೆ
ಗುಂಪಿನತ್ತ ಹೋದದ್ದನ್ನು ನೋಡಿದ್ದೆ.
ಕುಡಿದವನು ಗೆದ್ದು ಅರ್ಧ ಗಂಟೆಯಾಯಿತು.
ರೇಡಿಯೊದಲ್ಲಿ ಅಲ್ಲಿಯ ಕೇಕೆ, ಬ್ಯಾಂಡು.
ಇಲ್ಲಿ ಸರಪಳಿಯ ಕಿರಿಕಿರಿ,
ನನ್ನ ಕ್ಲಚ್ಚು ಸುಡುವ ವಾಸನೆ.

ನೂರಕ್ಕೆ ಇಪ್ಪತ್ತಮೂರರ ಏರು.
ನನ್ನ ಅತ್ತೆ ಹಾಲಿನ ಕ್ಯಾನು ಹೊತ್ತು
ಇದಕ್ಕಿಂತ ಬೇಗ ಹತ್ತುತ್ತಿದ್ದಳು.
ಈ ಅಂಚಿನಿಂದ ಆ ಅಂಚಿಗೆ ಅಡ್ಡಡ್ಡ ತುಳಿಯುತ್ತಾನೆ,
ಟಾರಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹೆಸರುಗಳನ್ನು ದಾಟುತ್ತ.
ಅವನದು ಅಲ್ಲೆಲ್ಲೂ ಇಲ್ಲ.
ಸೇಬಿನ ಹೆಂಡ ಕುಡಿದ ಹುಡುಗನೊಬ್ಬ
ಓಡಿಬಂದು ಬೆನ್ನಿಗೆ ಕೈಯಿಟ್ಟು ತಳ್ಳಿದ.
ಬೈಯಲಿಲ್ಲ, ಬೇಡ ಅನ್ನಲಿಲ್ಲ.
ಹತ್ತು ಗಜ ಕಣ್ಣು ಮುಚ್ಚಿ ಕೂತ.

ಪಕ್ಕಕ್ಕೆ ತಂದು ಗಾಜು ಇಳಿಸಿದೆ.
"ಒಳಗೆ ಬೆಚ್ಚಗಿದೆ" ಎಂದೆ.
"ಗಾಜು ಏರಿಸಿ ಸೆನ್ಯೋರಾ,
ಬಿಸಿ ಇಲ್ಲಿಯವರೆಗೂ ಬರುತ್ತಿದೆ."

ಆಮೇಲೆ ರೇಡಿಯೊ: ಎಲೋಯಿನಾ, ಗಡುವು ಮುಗಿಯಿತು,
ನೂರ ಎಂಬತ್ತನಾಲ್ಕನ್ನು ಹತ್ತಿಸಿಕೊ.
ಮಂಜು ಎಂದೆ. ಕೇಳಿಸುತ್ತಿಲ್ಲ ಎಂದೆ.
ಮಂಜಿಗೂ ಕಿವಿಗೂ ಏನು ನಂಟು ಎಂದು
ಅವರೂ ಕೇಳಲಿಲ್ಲ.

ಮೇಲೆ ಬೇಲಿ ಕಳಚುತ್ತಿದ್ದರು.
ಗಾಳಿ ತುಂಬಿದ ಕಮಾನು ಅರ್ಧ ಕುಸಿದು ಜೋತಿತ್ತು.
ತಲೆ ಬಗ್ಗಿಸಿ ಅದರಡಿ ನುಸುಳಿದ.
ಗಡಿಯಾರದ ತಂತಿ ಕಿತ್ತಾಗಿತ್ತು.
ಸೀದಾ ನನ್ನ ಬಳಿಗೆ ಬಂದು
ಪಿನ್ನಿಗೆ ತಾನೇ ಕೈ ಹಾಕಿದ, ಬೆರಳು ಮಡಿಯಲಿಲ್ಲ.
ನಾನು ಬಿಚ್ಚುವಷ್ಟು ಹೊತ್ತೂ
ಕತ್ತು ತಿರುಗಿಸಿ ನನ್ನ ಮುಖವನ್ನೇ ನೋಡುತ್ತಿದ್ದ.
"ಎಷ್ಟು ತಡ?"
"ನಾಲ್ಕು ನಿಮಿಷ."
ಒಂದೊಂದು ಬಾಟಲಿಗೆ ಎಷ್ಟು ಎಂದೇನೋ
ಗೊಣಗುತ್ತ ಲೆಕ್ಕ ಹಾಕಿ, ನಡುವೆ ಬಿಟ್ಟ.

ರಾತ್ರಿ ಹೋಟೆಲಿನ ಹಿತ್ತಲಲ್ಲಿ
ಪೊರಕೆಯ ಕಟ್ಟು ಬಿಚ್ಚಿ ಗಾಡಿ ಗುಡಿಸಿದೆ.
ಬೂಟಿನ ಮಣ್ಣು, ಅನ್ನದುಂಡೆಯ ಅಂಟು ಕಾಗದ,
ಪಿನ್ನು ಏಳು.
ಎಂಟನೆಯದಕ್ಕೆ ಟಾರ್ಚು ಹಿಡಿದು ಹುಡುಕಿದೆ,
ಸೀಟಿನ ಕೆಳಗೆ, ನನ್ನ ತೋಳಿನ ಮಡಿಕೆಯಲ್ಲೂ.

ನಾಳೆ ಹದಿನೆಂಟು. ಸಪಾಟು ದಾರಿಯಂತೆ,
ಎದುರು ಗಾಳಿಯಂತೆ.
ಪೊರಕೆ ಒದ್ದೆಯಾಗಿದೆ, ಒಣಗಲಿ,
ಬೆಳಿಗ್ಗೆ ಕಟ್ಟಿದರಾಯಿತು.